ಆಟಿಯಲ್ಲಿ ಕಾಡಿನ ಊಟಕ್ಕೆ ಅತಿಥಿಗಳನ್ನು ಕರ್ಕೊಂಡು ಬರಬೇಕು, ಎಲ್ಲಿಗೆ ಹೋಗೋದು?

ಬೆಂಗಳೂರಿನ ಕಾಸರಗೋಡಿಗ

ಎಲ್ಲರಿಗೂ ನಮಸ್ಕಾರ. ನನ್ನ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ಕೆಲಸ ಬೆಂಗಳೂರಲ್ಲಿ. ಜುಲೈ ಕೊನೆಗೆ, ಅಂದ್ರೆ ತುಳುನಾಡಿನ ಮಳೆಗಾಲದ ಆಟಿ ತಿಂಗಳಲ್ಲಿ, ಕೆಲವು ಸ್ನೇಹಿತರನ್ನು ಊರಿಗೆ ಕರ್ಕೊಂಡು ಬರುವ ಯೋಚನೆ ಇದೆ. ಬೇಕಲ ಕೋಟೆ, ಅನಂತಪುರ ದೇವಸ್ಥಾನ ಅವರು ನೋಡಿಯಾಗಿದೆ. ಈ ಸಲ ಘಟ್ಟದ ಬುಡಕ್ಕೆ ಹೋಗಿ ಕಾಡಿನ ಅಡುಗೆ ಉಣ್ಣಿಸಬೇಕು ಅಂತ ಆಸೆ. ಪಾಣತ್ತೂರು, ರಾಣಿಪುರ ಕಡೆ ಮಾವಿಲರು, ಮಲೆಕುಡಿಯರು, ಮಲವೇಟ್ಟುವರು ಎಂಬ ಬುಡಕಟ್ಟಿನವರು ಇದ್ದಾರಲ್ಲ, ಅವರ ಅಡುಗೆ. ಕಣಿಲೆ (ಎಳೆ ಬಿದಿರ ಮೊಳಕೆ), ಅಣಬೆ, ಕಾಡು ಗೆಣಸು, ಹೆಜ್ಜೇನು, ಎಲ್ಲ ಒಂದೇ ಊಟದಲ್ಲಿ ಸಿಕ್ಕರೆ ಒಳ್ಳೆಯದು. ಒಂದು ರಿಸಾರ್ಟಿನವರು ‘ಬುಡಕಟ್ಟು ಥಾಲಿ’ ಅಂತ ಕೊಡ್ತಾರಂತೆ, ಮೊದಲೇ ಹೇಳಿದರೆ ಎಲ್ಲ ಐಟಂ ಇರುತ್ತದೆ ಅಂದರು. ಅಲ್ಲಿಗೆ ಹೋಗೋದಾ, ಬೇರೆ ದಾರಿ ಇದೆಯಾ? ಗೊತ್ತಿರುವವರು ದಯವಿಟ್ಟು ಹೇಳಿ.

ಪಯಸ್ವಿನಿ ದಡ

ಎಲ್ಲವೂ ಒಂದೇ ಊಟದಲ್ಲಿ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ಅಲ್ಲಿಗೆ ಹೋಗಬೇಡಿ ಮಾರಾಯ್ರೆ. ಬೇಸರ ಮಾಡ್ಕೋಬೇಡಿ, ಯಾಕೆ ಅಂತ ಹೇಳ್ತೇನೆ.

ಹೆಜ್ಜೇನು ಇಳಿಸುವುದು ಮಳೆಗೆ ಮೊದಲು, ಏಪ್ರಿಲ್ ಮೇ ಹೊತ್ತಿಗೆ. ಮಳೆ ಹಿಡಿದ ಮೇಲೆ ಆ ಹುಳ ಗೂಡು ಬಿಟ್ಟು ಹೋಗುತ್ತದೆ. ಕಾಡು ಗೆಣಸು ಅಗೆಯುವುದು ಬಳ್ಳಿ ಒಣಗಿದ ಮೇಲೆ, ಅಂದ್ರೆ ಡಿಸೆಂಬರ್ ಜನವರಿ. ಆಟಿಯಲ್ಲಿ ಅಗೆದರೆ ನೀರು ನೀರು, ಹಿಟ್ಟೇ ಇರುವುದಿಲ್ಲ. ಕೂವೆ ಹಿಟ್ಟಿನದ್ದೂ ಹಾಗೆಯೇ. ಎಲೆ ಬಾಡಿದ ಮೇಲೆ ಗೆಡ್ಡೆ ತೆಗೆದು, ತುರಿದು, ನೀರಲ್ಲಿ ಕಲಡಿ, ಬಟ್ಟೆಯಲ್ಲಿ ಸೋಸಿ ಇಡುತ್ತಾರೆ. ಮರುದಿನ ಮೇಲಿನ ನೀರು ಚೆಲ್ಲಿ ಮತ್ತೆ ಹೊಸ ನೀರು. ಕಹಿ ಹೋಗಿ ಹಿಟ್ಟು ಬೆಳ್ಳಗಾಗುವವರೆಗೆ ಇದೇ ಕೆಲಸ.

ಆಟಿಯಲ್ಲಿ ನಿಜವಾಗಿ ಇರುವುದು ಬೇರೆ. ಕಣಿಲೆ ಇದೆ. ಮರಕೆಸು ಇದೆ, ಮರದ ಪಾಚಿಯಲ್ಲಿ ಬೆಳೆಯುವ ಕೆಸು, ಪತ್ರೊಡೆಗೆ ಅದರಷ್ಟು ಒಳ್ಳೆಯ ಎಲೆ ಇಲ್ಲ. ತಗತೆ ಸೊಪ್ಪು ರಸ್ತೆ ಬದಿಯಲ್ಲೇ ಎದ್ದಿರುತ್ತದೆ. ಗುಡುಗು ಬಂದರೆ ಹುತ್ತದ ಅಣಬೆ. ಮತ್ತೆ ಬೇಸಗೆಯಲ್ಲಿ ಕೂಡಿಟ್ಟದ್ದು: ಉಪ್ಪುಸೊಳೆ (ಉಪ್ಪು ಹಾಕಿಟ್ಟ ಹಲಸಿನ ತೊಳೆ), ಸಾಂತಾಣಿ (ಬೇಯಿಸಿ ಒಣಗಿಸಿದ ಹಲಸಿನ ಬೀಜ), ಹಲಸಿನ ಹಪ್ಪಳ, ಒಣಗಿಸಿದ ಪುನರ್ಪುಳಿ ಸಿಪ್ಪೆ. ಇದು ಹೊಟ್ಟೆಗೆ ಕಷ್ಟದ ತಿಂಗಳು. ಆಗ ಕೈಗೆ ಸಿಕ್ಕಿದ್ದರಿಂದ ಹುಟ್ಟಿದ ಅಡುಗೆ. ಅದನ್ನು ಅದರ ತಿಂಗಳಲ್ಲೇ ಉಣ್ಣುವುದು ನನ್ನ ಮಟ್ಟಿಗೆ ಪ್ರವಾಸದ ಸಾರ.

ಆ ಥಾಲಿಯಲ್ಲಿ ಜುಲೈ ತಿಂಗಳಲ್ಲಿ ಕಾಡು ಗೆಣಸು ಇದೆ ಅಂದ್ರೆ, ಅದು ಪೇಟೆಯಿಂದ ತಂದ ಮರಗೆಣಸು ಆಗಿರಬಹುದು. ಕೇಳಿ ನೋಡಿ.

ತಾಳವಾಡಿ ಮೇಷ್ಟ್ರು

ನಾನು ತಮಿಳುನಾಡಿನ ಈರೋಡು ಜಿಲ್ಲೆಯ ತಾಳವಾಡಿಯವನು, ಕನ್ನಡದವನೇ. ನಮ್ಮ ಬೆಟ್ಟದಲ್ಲಿ ಸೋಲಿಗರು, ಊರಾಳಿಗಳು ಇದ್ದಾರೆ. ಕಾಡು ನಿಮ್ಮದರಷ್ಟು ಹಸಿರಲ್ಲ, ಮಳೆಯೂ ಕಡಿಮೆ. ಆದರೆ ಪಯಸ್ವಿನಿ ಅಕ್ಕ ಹೇಳಿದ ಮಾತು ಇಲ್ಲಿಗೂ ಸರಿ. ಸೊಪ್ಪು ಒಂದು ಕಾಲ, ಗೆಡ್ಡೆ ಒಂದು ಕಾಲ, ಜೇನು ಒಂದು ಕಾಲ.

ನೀಲಗಿರಿಯ ಕೋತಗಿರಿಯಲ್ಲಿ ಕೀಸ್ಟೋನ್ ಫೌಂಡೇಶನ್ ಎಂಬ ಸಂಸ್ಥೆ ಇದೆ, 1993ರಲ್ಲಿ ಶುರುವಾದದ್ದು. ಕುರುಂಬರು, ಇರುಳರು ತಂದ ಜೇನನ್ನು ಸರಿಯಾದ ಬೆಲೆಗೆ ಮಾರುವ ವ್ಯವಸ್ಥೆ ಅಲ್ಲಿ ಬೆಳೆಯಿತು. ಬಂಡೆಯ ಹೆಜ್ಜೇನು ತೆಗೆಯುವಾಗ ಜೇನಿನ ಭಾಗ ಮಾತ್ರ ಕೊಯ್ದು, ಮರಿ ಇರುವ ಭಾಗ ಬಿಟ್ಟರೆ ಹುಳ ಉಳಿಯುತ್ತದೆ. ಇಂಥದ್ದನ್ನು ನೋಡಿ ಕಲಿಯಬೇಕು ಅಂದ್ರೆ ನಿಮ್ಮ ಸ್ನೇಹಿತರನ್ನು ಇನ್ನೊಮ್ಮೆ ಆ ಕಡೆಗೂ ಕಳಿಸಿ.

ಕುಂಬಳೆ ಕಡಲು

ವಯನಾಡಿನ ಲಕ್ಕಿಡಿಯಲ್ಲಿ ‘ಎನ್ ಊರು’ ಅಂತ ಇದೆ, 2022ರಲ್ಲಿ ತೆರೆದದ್ದು. ಬುಡಕಟ್ಟು ಜನರೇ ನಡೆಸುವ ತಿಂಡಿ, ಕರಕುಶಲ ವಸ್ತು ಎಲ್ಲ ಒಂದೇ ಕಡೆ. ಕಾಸರಗೋಡಿನಲ್ಲೇ ಬೇಕು ಅಂತಿಲ್ಲದಿದ್ದರೆ ಅದು ಸುಲಭ. ಕೇರಳದ ಮಹಿಳಾ ಸಂಘಗಳ ಕುಟುಂಬಶ್ರೀ ಆಹಾರ ಮೇಳ ಎಲ್ಲಾದರೂ ನಡೆದರೆ ಅಟ್ಟಪ್ಪಾಡಿಯ ಮಹಿಳೆಯರ ವನಸುಂದರಿ ಚಿಕನ್ ತಿನ್ನಲೇಬೇಕು. ಹಸಿರು ಸೊಪ್ಪು, ಹಸಿಮೆಣಸು ಹಾಕಿ ಕಾವಲಿ ಮೇಲೆ ಕುಟ್ಟಿ ಕುಟ್ಟಿ ಬೇಯಿಸ್ತಾರೆ. ಉದ್ದ ಸಾಲು ಇರುತ್ತದೆ, ನಿಲ್ಲಬಹುದು.

ಬೆಂಗಳೂರಿನ ಕಾಸರಗೋಡಿಗ

ಪಯಸ್ವಿನಿ ಅಕ್ಕ, ಇಷ್ಟು ವಿವರವಾಗಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಗೆಣಸು, ಜೇನು ಬಿಟ್ಟೆ. ಕಣಿಲೆ, ಪತ್ರೊಡೆ, ಸೊಪ್ಪು, ಅಣಬೆ ಸಾಕು. ಕಾಡಿಗೆ ಹೋಗಿ ಕಣಿಲೆ ಕೊಯ್ಯುವುದು, ಅಣಬೆ ಹುಡುಕುವುದು, ಇದನ್ನೂ ಸ್ನೇಹಿತರಿಗೆ ತೋರಿಸಬಹುದಾ? ಯಾರದ್ದಾದರೂ ಮನೆಯಲ್ಲಿ ಊಟ ಮಾಡಲು ಸಾಧ್ಯವಾ? ರಿಸಾರ್ಟ್ ಬೇಡ ಅಂತ ನನಗೂ ಅನ್ನಿಸ್ತಿದೆ.

ಮಲೆಯ ಹುಡುಗ

ಅಣ್ಣಾ, ನಾನು ರಾಣಿಪುರದ ಹತ್ತಿರದ ಪನತ್ತಡಿ ಕಡೆಯವನು, ಮಾವಿಲರ ಹುಡುಗ. ಮನೆಯಲ್ಲಿ ನಮ್ಮ ತುಳು, ಶಾಲೆ ಮಲಯಾಳಂ, ಕನ್ನಡ ಕಲಿತದ್ದು ಮುಳ್ಳೇರಿಯದಲ್ಲಿ ಅಂಗಡಿ ಕೆಲಸಕ್ಕೆ ನಿಂತಾಗ. ತಪ್ಪಿದ್ದರೆ ತಿದ್ದಿ.

ರಿಸಾರ್ಟಿನ ವಿಷಯ ಮೊದಲು ಹೇಳ್ತೇನೆ. ನಮ್ಮ ಚಿಕ್ಕಮ್ಮ ಅಂಥದ್ದೊಂದು ಕಡೆ ಅಡುಗೆಗೆ ಹೋಗ್ತಿದ್ದರು. ಹೆಸರು ಬೇಡ. ಅತಿಥಿಗಳ ಮುಂದೆ ಒಲೆ ಹತ್ರ ಕೂರಬೇಕು, ಅವರೇ ಕೊಟ್ಟ ಮಣಿಸರ ಹಾಕ್ಕೊಳ್ಳಬೇಕು. ಆ ಮಣಿಸರ ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಹಾಕಿದ್ದಲ್ಲ. ಒಂದು ಊಟಕ್ಕೆ ಅವರು ತಗೊಳ್ಳುವ ದುಡ್ಡಿಗಿಂತ ಚಿಕ್ಕಮ್ಮನ ಇಡೀ ದಿನದ ಕೂಲಿ ಕಡಿಮೆ. ಕಣಿಲೆಗೆ ಕ್ರೀಮ್ ಹಾಕಿ ಅಂತ ಹೇಳಿದ ದಿನ ಅವರು ಕೆಲಸ ಬಿಟ್ಟು ಬಂದರು.

ನಮ್ಮ ಅಮ್ಮ ಈಗ ಕುಟುಂಬಶ್ರೀ ಗುಂಪಿನ ಇಬ್ಬರ ಜೊತೆ ಸೇರಿ, ಮೊದಲೇ ಹೇಳಿದವರಿಗೆ ಮನೆಯಲ್ಲಿ ಊಟ ಹಾಕ್ತಾರೆ. ನೀವು ಬರೋದಾದರೆ ಕೇಳಿ ನೋಡ್ತೇನೆ. ಆದರೆ ಏನು ಬಡಿಸಬೇಕು ಅಂತ ಅಮ್ಮನೇ ನಿಶ್ಚಯ ಮಾಡೋದು.

ಕಣಿಲೆ ವಿಷಯ. ಇವತ್ತು ಕೊಯ್ದು ಇವತ್ತೇ ಉಣ್ಣಲು ಆಗುವುದಿಲ್ಲ. ಹಸಿ ಕಣಿಲೆಯಲ್ಲಿ ನಂಜು ಇದೆ. ಅಮ್ಮ ಮಾಡುವ ರೀತಿ ಹೇಳ್ತೇನೆ. ಹೊರಗಿನ ಸಿಪ್ಪೆಯಲ್ಲಿ ಕಪ್ಪು ರೋಮ ಇರುತ್ತದೆ, ಕೈಗೆ ಚುಚ್ಚಿದರೆ ಎರಡು ದಿನ ತುರಿಕೆ. ಅದಕ್ಕೆ ಸಿಪ್ಪೆಯನ್ನು ಹೊರಗೆ ಅಂಗಳದಲ್ಲೇ ಬಿಡಿಸ್ತಾರೆ. ಬುಡದಿಂದ ಕತ್ತಿ ಹಾಕ್ತಾ ಬಂದರೆ ಗಂಟಿನ ಹತ್ರ ಕತ್ತಿ ನಿಲ್ಲುತ್ತದೆ, ಅದು ಬಲಿತದ್ದು, ಬಿಸಾಡ್ತಾರೆ. ಕತ್ತಿ ಬೆಣ್ಣೆಗೆ ಹೋದ ಹಾಗೆ ಹೋದರೆ ಅದು ಅಡುಗೆಗೆ. ತೆಳ್ಳಗೆ ಬಿಲ್ಲೆ ಮಾಡಿ, ಮತ್ತೆ ಸಣ್ಣಗೆ ಕೊಚ್ಚಿ, ಮಣ್ಣಿನ ಪಾತ್ರೆಯಲ್ಲಿ ನೀರು ಹಾಕಿ ಇಡ್ತಾರೆ. ದಿನಾ ನೀರು ಬದಲಿಸಬೇಕು. ಮೂರನೇ ದಿನಕ್ಕೆ ಒಂದು ಹುಳಿ ವಾಸನೆ ಬರುತ್ತದೆ. ಹೊಸಬರಿಗೆ ಆ ವಾಸನೆ ಹಿಡಿಸುವುದಿಲ್ಲ, ನಮಗೆ ಅದು ಬಂದರೇ ಹಸಿವು. ಆಮೇಲೆ ಮುಚ್ಚಳ ಹಾಕದೆ ಚೆನ್ನಾಗಿ ಕುದಿಸಿ, ಆ ನೀರೂ ಚೆಲ್ಲಿ, ಮೊಳಕೆ ಬಂದ ಹೆಸರುಕಾಳಿನ ಜೊತೆ ಗಸಿ. ತೆಂಗಿನಕಾಯಿ ಹುರಿದು ಅರೆದು ಹಾಕಿದರೆ ಇನ್ನೂ ರುಚಿ.

ಹಾಗಾಗಿ ನೀವು ಭಾನುವಾರ ಬರೋದಾದರೆ ಬುಧವಾರವೇ ಹೇಳಬೇಕು.

ಪಯಸ್ವಿನಿ ದಡ

ತಮ್ಮಾ, ನೀನು ಬರೆದದ್ದು ಓದಿ ಮನಸ್ಸು ತುಂಬಿತು. ಆ ಕ್ರೀಮಿನ ಮಾತು ಓದಿ ಸಿಟ್ಟೂ ಬಂತು. ಯಾವುದು ವಿಷ, ಎಷ್ಟು ದಿನ ನೆನೆಸಬೇಕು, ಯಾವ ಗೆಡ್ಡೆಯನ್ನು ತೋಡಿನ ಹರಿಯುವ ನೀರಿಗೆ ಹಾಕಿಡಬೇಕು, ಇದೆಲ್ಲ ಕಲಿಯಲು ಎಷ್ಟು ತಲೆಮಾರು ಬೇಕಾಗಿರಬೇಕು. ಹೋಟೆಲಿನವರು ತಟ್ಟೆ ಮಾತ್ರ ತೋರಿಸ್ತಾರೆ. ಆ ತಟ್ಟೆಯ ಹಿಂದಿನ ಮೂರು ದಿನವನ್ನು ತೋರಿಸುವುದಿಲ್ಲ. ನನ್ನನ್ನು ಕೇಳಿದರೆ ಅತಿಥಿಗಳಿಗೆ ಆ ಮೂರು ದಿನದ ಕಥೆ ಹೇಳಬೇಕು, ದುಡ್ಡೂ ಅದಕ್ಕೇ ಕೊಡಬೇಕು.

ನಿಮ್ಮಲ್ಲಿ ಬೈನೆ ಮರದ (ತಾಳೆ ಜಾತಿಯದ್ದು) ಹಿಟ್ಟು ಈಗಲೂ ಮಾಡುತ್ತಾರಾ?

ಮಲೆಯ ಹುಡುಗ

ಈಗ ಕಡಿಮೆ ಅಕ್ಕ. ಬೈನೆ ಮರ ಹೂ ಬಿಡಲು ಶುರು ಮಾಡಿದ ಮೇಲೆ ಸಾಯುತ್ತದೆ. ಹೂವಿಗೆ ಮೊದಲು ಕಡಿದರೆ ಮಾತ್ರ ಒಳಗೆ ಹಿಟ್ಟು ಇರುತ್ತದೆ. ಮರ ಸೀಳಿ, ತಿರುಳು ಕುಟ್ಟಿ, ನೀರಲ್ಲಿ ತೊಳೆದು ಸೋಸಿ ತೆಗೆಯಬೇಕು. ಅಜ್ಜಿ ಕಾಲದಲ್ಲಿ ಅಕ್ಕಿ ಮುಗಿದಾಗ ಅದೇ ಗಂಜಿ. ಈಗ ರೇಷನ್ ಅಕ್ಕಿ ಇದೆ, ಒಂದು ಮರ ಕಡಿಯುವ ಕೆಲಸಕ್ಕೆ ಯಾರೂ ಹೋಗುವುದಿಲ್ಲ. ಅಜ್ಜಿ ಆ ಗಂಜಿಯನ್ನು ಇಷ್ಟಪಟ್ಟು ನೆನಪು ಮಾಡ್ಕೊಳ್ಳುವುದಿಲ್ಲ. ಹಸಿವೆಯ ಊಟ ಅದು ಅಂತಾರೆ. ಅವರು ಹೆಚ್ಚು ನೆನೆಸುವುದು ಪುನಂ ಗದ್ದೆಯ ಅಕ್ಕಿ. ನೀವು ಕುಮೇರಿ ಅಂತೀರಲ್ಲ, ಗುಡ್ಡ ಸುಟ್ಟು ಬಿತ್ತುವುದು. ಆ ಕೆಂಪಕ್ಕಿಯ ಅನ್ನಕ್ಕೆ ಬರೀ ಉಪ್ಪು, ಕಾಂತಾರಿ ಮೆಣಸು ಸಾಕಿತ್ತಂತೆ.

ಅಡೂರು ತೋಟದವ

ಕಾಡಿಗೆ ಹೋಗಿ ಕೊಯ್ಯುವ ವಿಷಯದಲ್ಲಿ ಒಂದು ಎಚ್ಚರಿಕೆ. 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ ಕಿರು ಅರಣ್ಯ ಉತ್ಪನ್ನ, ಅಂದ್ರೆ ಜೇನು, ಗೆಡ್ಡೆ, ಬಿದಿರು ಇಂಥವನ್ನು ಸಂಗ್ರಹಿಸುವ ಹಕ್ಕು ಕಾಡನ್ನೇ ನಂಬಿ ಬಂದ ಬುಡಕಟ್ಟು ಮತ್ತು ಪಾರಂಪರಿಕ ಅರಣ್ಯವಾಸಿಗಳದ್ದು. ನಮ್ಮದಲ್ಲ, ಬೆಂಗಳೂರಿನ ಅತಿಥಿಗಳದ್ದಂತೂ ಅಲ್ವೇ ಅಲ್ಲ. ರಾಣಿಪುರದ ಆಚೆ ತಲಕಾವೇರಿ ವನ್ಯಜೀವಿ ಧಾಮ. ಅಲ್ಲಿ ಸುಮ್ನೆ ಒಂದು ಕಣಿಲೆ ಮುರಿದರೂ ಕೇಸು. ಕಣಿಲೆ ನೋಡಬೇಕಾದರೆ ನಮ್ಮ ತೋಟದ ಬೇಲಿಯಲ್ಲಿ ಬಿದಿರ ಮೆಳೆ ಇದೆ, ಬನ್ನಿ, ನಾನೇ ತೋರಿಸ್ತೇನೆ.

ಕಾಡುಹಂದಿ, ಬರಿಂಕ (ಸಣ್ಣ ಜಾತಿಯ ಕಾಡು ಜಿಂಕೆ) ಏನಾದರೂ ಸಿಗುತ್ತದಾ ಅಂತ ಅತಿಥಿಗಳು ಕೇಳಿದರೆ ಖಡಾಖಂಡಿತ ಇಲ್ಲ ಅನ್ನಿ. 1972ರ ವನ್ಯಜೀವಿ ಕಾಯ್ದೆ ಇದೆ. ಹೆಚ್ಚಾಗಿ ಜೈಲಿಗೆ ಹೋಗುವವನು ತಂದು ಕೊಟ್ಟ ಬಡವ, ಕೇಳಿ ತಿಂದವನಲ್ಲ. ಮೊದಲ ಮಳೆಗೆ ತೋಡು ಹತ್ತುವ ಮೊಟ್ಟೆ ಮೀನು ಹಿಡಿಯುವುದಕ್ಕೂ ಕೇರಳದಲ್ಲಿ ನಿಷೇಧ ಇದೆ. ಅದೂ ಬೇಡ.

ಇನ್ನೊಂದು ಮಾತು. ನಮ್ಮ ಜಿಲ್ಲೆಯ ಸೊಪ್ಪು ಸದೆಯ ಬಗ್ಗೆ ಮಾತಾಡುವಾಗ ಗೇರು ಗುಡ್ಡೆಗಳನ್ನು ಮರೆಯಬಾರದು. ಎಣ್ಮಕಜೆ, ಮುಳಿಯಾರು ಕಡೆ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು 2000ನೇ ಇಸವಿವರೆಗೂ ನಡೆಯಿತು. ಸುಪ್ರೀಂ ಕೋರ್ಟ್ ದೇಶದಲ್ಲೇ ಅದನ್ನು ತಡೆದದ್ದು 2011ರಲ್ಲಿ. ಅದನ್ನು ಸುರಿಯುತ್ತಿದ್ದ ಕಾಲದಲ್ಲಿ ಜೇನುಹುಳ ಹೋಯಿತು, ತೋಡಿನ ಮೀನು ಹೋಯಿತು. ನಮ್ಮ ದೊಡ್ಡಮ್ಮ ಗುಡ್ಡೆ ಬದಿಯ ತಗತೆ ಸೊಪ್ಪು ಕೊಯ್ಯುವುದನ್ನೇ ಬಿಟ್ಟರು. ಮನೆ ಹಿತ್ತಿಲಲ್ಲಿ ಎದ್ದದ್ದು ಮಾತ್ರ ಕೊಯ್ಯುತ್ತಿದ್ದರು, ಕೊನೆವರೆಗೂ. ಕಾಡಿನ ಊಟ ಅಂದ್ರೆ ಶುದ್ಧ, ಆರೋಗ್ಯ ಅಂತ ಜಾಹೀರಾತು ಹಾಕುವವರು ಈ ನೆಲದ ಕಥೆಯನ್ನೂ ಹೇಳಬೇಕು. ನನಗೆ ಇದು ಹೇಳದೆ ಇರಲಾಗುವುದಿಲ್ಲ.

ಬುಟ್ಟಿ ನೇಯ್ದವಳ ಮಗಳು

ಮಂಜೇಶ್ವರ ಕಡೆಯಿಂದ. ನಾನು ಕೊರಗ ಬುಡಕಟ್ಟಿನವಳು. ಈ ಚರ್ಚೆಯನ್ನು ಮೊದಲಿನಿಂದ ಓದುತ್ತಾ ಇದ್ದೇನೆ.

ಊಟ ಅಂದ್ರೆ ನಮ್ಮವರಿಗೆ ಸಣ್ಣ ವಿಷಯ ಅಲ್ಲ. ಅಜಲು ಪದ್ಧತಿಯಲ್ಲಿ ನಮ್ಮ ಹಿರಿಯರಿಗೆ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸಿದ್ದಾರೆ, ಬೇರೆಯವರ ಅನಿಷ್ಟ ಕಳೆಯಲಿ ಅಂತ. ಕರ್ನಾಟಕ ಅದನ್ನು ಕಾನೂನು ಮಾಡಿ ನಿಷೇಧಿಸಿದ್ದು 2000ದಲ್ಲಿ. ಬಹಳ ಹಿಂದಿನ ಮಾತಲ್ಲ. ಮದುವೆ ಮನೆಯ ಎಂಜಲಿಗೆ ಹೊರಗೆ ಕಾದು ನಿಂತವರು ನಮ್ಮ ಅಜ್ಜಿಯ ಕಾಲದಲ್ಲಿ ಇದ್ದರು.

ಹಾಗಾಗಿ ಯಾರಾದರೂ ನಮ್ಮ ಮನೆಗೆ ಬಂದು, ಚಾಪೆ ಮೇಲೆ ಕೂತು, ನಾವು ಬಡಿಸಿದ್ದನ್ನು ಉಂಡು, ತೊಳೆದ ಕೈಯಲ್ಲಿ ಮಕ್ಕಳ ತಲೆ ಸವರಿ ಹೋದರೆ ಅದರ ತೂಕ ನಮಗೆ ಗೊತ್ತು. ಆದರೆ ಕಾಲೊನಿಗೆ ವ್ಯಾನ್ ಬಂದು ನಿಂತು, ಕೇಳದೆ ಅಡುಗೆಮನೆಯ ಫೋಟೋ ತೆಗೆದರೆ ಅದು ಬೇರೆ. ‘ಇಲಿ ತಿನ್ತೀರಾ, ಇರುವೆ ತಿನ್ತೀರಾ’ ಅಂತ ಕೇಳುವವರೂ ಬಂದಿದ್ದಾರೆ. ಚಗಳಿ ಇರುವೆ ಚಟ್ನಿ ಮಲೆನಾಡಲ್ಲಿ ಎಷ್ಟೋ ಮನೆಯಲ್ಲಿ ಮಾಡುತ್ತಾರೆ. ಒಡಿಶಾದ ಮಯೂರ್‌ಭಂಜ್‌ನ ಕೆಂಪಿರುವೆ ಚಟ್ನಿಗೆ 2024ರಲ್ಲಿ ಜಿ.ಐ., ಅಂದ್ರೆ ಭೌಗೋಳಿಕ ಗುರುತೇ ಸಿಕ್ಕಿತು. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಕೇಳುವವರ ಮುಖದಲ್ಲಿ ಇರುವುದೇ ನಮಗೆ ನೋವು ಕೊಡುವುದು.

ಕಣಿಲೆ ಬಗ್ಗೆಯೂ ಒಂದು ಮಾತು. ನಮ್ಮ ಅಮ್ಮ ಬುಟ್ಟಿ ಹೆಣೆದು ನಮ್ಮನ್ನು ಸಾಕಿದ್ದು. ಬಳ್ಳಿ, ಬಿದಿರು ಇದ್ದರೆ ಮಾತ್ರ ಬುಟ್ಟಿ. ಒಂದು ಮೆಳೆಯ ಎಲ್ಲ ಕಣಿಲೆಯನ್ನೂ ಕೊಯ್ದರೆ ಮುಂದೆ ಬಿದಿರೇ ಇರುವುದಿಲ್ಲ. ಅಮ್ಮ ಮೆಳೆಯ ಹೊರಬದಿಗೆ ಎದ್ದ ಕೆಲವನ್ನು ಮಾತ್ರ ತೆಗೆಯುತ್ತಿದ್ದರು. ಪೇಟೆಯಲ್ಲಿ ಕಣಿಲೆಗೆ ಬೇಡಿಕೆ ಜಾಸ್ತಿ ಆದ ಮೇಲೆ ರಾತ್ರೋರಾತ್ರಿ ಬಂದು ಪೂರ್ತಿ ಕೊಯ್ದುಕೊಂಡು ಹೋಗುವವರು ಹುಟ್ಟಿಕೊಂಡಿದ್ದಾರೆ. ಪ್ರವಾಸಿಗರು ಜಾಸ್ತಿ ಆದರೆ ಇದೂ ಜಾಸ್ತಿ ಆಗುತ್ತದೆ, ಈಗಲೇ ಯೋಚಿಸಿ.

ಬೆಂಗಳೂರಿನ ಕಾಸರಗೋಡಿಗ

ಅಕ್ಕ, ನೀವು ಬರೆದದ್ದನ್ನು ನನ್ನ ಸ್ನೇಹಿತರಿಗೂ ಓದಿ ಹೇಳಿದೆ. ಅವರೂ ಸುಮ್ಮನಾದರು. ಇಷ್ಟು ಹತ್ತಿರ ಹುಟ್ಟಿ ಬೆಳೆದೂ ನಮ್ಮ ಶಾಲೆಯಲ್ಲಿ ಯಾರೂ ನಮಗೆ ಇದನ್ನು ಹೇಳಿಕೊಡಲಿಲ್ಲ.

ಕುಂಬಳೆ ಕಡಲು

ನಾನೂ ಈಗ ಕೇಳಬೇಕು ಅನ್ನಿಸುತ್ತದೆ. ಹಾಗಾದರೆ ಜನ ಹೋಗಲೇಬಾರದಾ? ಹೋಗದಿದ್ದರೆ ಮುಂದಿನ ಮಕ್ಕಳು ಈ ಅಡುಗೆ ಕಲಿಯುವುದು ಯಾಕೆ? ಮ್ಯಾಗಿ ಬೇಗ ಆಗುತ್ತದಲ್ಲ.

ಬುಟ್ಟಿ ನೇಯ್ದವಳ ಮಗಳು

ಬರಬೇಡಿ ಅಂತ ನಾನು ಹೇಳಲಿಲ್ಲ. ಕರೆದಲ್ಲಿಗೆ ಬನ್ನಿ ಅಂತ ಹೇಳಿದ್ದು. ಪನತ್ತಡಿಯ ತಮ್ಮನ ಅಮ್ಮ ಕರೆಯುತ್ತಿದ್ದಾರೆ, ಅಲ್ಲಿಗೆ ಹೋಗಿ. ಅವರೇ ಬೆಲೆ ಹೇಳಲಿ, ಚೌಕಾಸಿ ಬೇಡ. ಅವರ ಜೊತೆ ಕೂತು ಉಣ್ಣಿ, ಅವರನ್ನು ಬಡಿಸಲು ನಿಲ್ಲಿಸಿ ನೀವು ಮಾತ್ರ ಉಣ್ಣಬೇಡಿ.

ಉಪ್ಪಳ ನರ್ಸಮ್ಮ

ಅಣಬೆಯ ಅಪಾಯದ ಬಗ್ಗೆ ಯಾರೂ ಬರೆಯಲಿಲ್ಲ, ನಾನು ಬರೆಯಲೇಬೇಕು. ಬೆಳ್ಳಿ ಚಮಚ ಕಪ್ಪಾಗದಿದ್ದರೆ ಒಳ್ಳೆಯದು, ಹುಳ ತಿಂದಿದ್ದರೆ ಒಳ್ಳೆಯದು, ಬೆಳ್ಳುಳ್ಳಿ ಹಾಕಿ ನೋಡಿದರೆ ಗೊತ್ತಾಗುತ್ತದೆ, ಇವೆಲ್ಲ ಸುಳ್ಳು. ಕೆಲವು ವಿಷದ ಅಣಬೆ ತಿಂದರೆ ಆರರಿಂದ ಹನ್ನೆರಡು ಗಂಟೆ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ವಾಂತಿ ಭೇದಿ. ಅದು ಕಡಿಮೆಯಾಯ್ತು ಅಂದುಕೊಳ್ಳುವಾಗ ಲಿವರ್ ಹೋಗಿರುತ್ತದೆ. ಹುತ್ತದ ಅಣಬೆ ಗೆದ್ದಲಿನ ಗೂಡಿನಿಂದಲೇ ಏಳುತ್ತದೆ, ಉದ್ದ ಬೇರಿನ ಹಾಗೆ ಕೆಳಗೆ ಹೋಗಿರುತ್ತದೆ. ವರ್ಷ ವರ್ಷ ಅದೇ ಜಾಗದಲ್ಲಿ ಕೊಯ್ದು ಗೊತ್ತಿದ್ದವರು ತಂದರೆ ಮಾತ್ರ ತಿನ್ನಿ. ಸಂಶಯ ಇದ್ದರೆ ಬಿಟ್ಟುಬಿಡಿ.

ಮರಕೆಸುವಿಗೂ ಹುಳಿ ಕಡಿಮೆ ಆಗಬಾರದು, ಆವಿಯಲ್ಲಿ ಚೆನ್ನಾಗಿ ಬೇಯಬೇಕು. ಇಲ್ಲಾಂದ್ರೆ ಅದರ ಸೂಜಿಯಂಥ ಹರಳು ಗಂಟಲು ಕೆರೆಯುತ್ತದೆ. ಆಟಿ ಅಮಾವಾಸ್ಯೆಯ ದಿನ ಪಾಲೆ ಮರದ ಕಷಾಯ ಕುಡಿಸುತ್ತೇವೆ ಅಂತ ಯಾರಾದರೂ ಕರೆದರೆ, ಮರ ಗೊತ್ತಿರುವ ಹಿರಿಯರು ಬೆಳಗ್ಗೆ ತಂದದ್ದಾದರೆ ಸರಿ. ತೊಗಟೆ ಗೊತ್ತಿಲ್ಲದೆ ಬೇರೆ ಮರದ್ದು ತಂದು ಆಸ್ಪತ್ರೆ ಸೇರಿದವರಿದ್ದಾರೆ. ಕಾಡು ದಾರಿಯಲ್ಲಿ ನಡೆಯುವುದಾದರೆ ಕಾಲಿನ ಗಾಯ ಮುಚ್ಚಿಕೊಳ್ಳಿ, ಮಳೆಗಾಲದಲ್ಲಿ ಇಲಿ ಜ್ವರ ಇದೆ. ಉಂಬುಳಕ್ಕೆ (ಜಿಗಣೆಗೆ) ಉಪ್ಪು ಸಾಕು.

ಬೆಂಗಳೂರಿನ ಕಾಸರಗೋಡಿಗ

ಎಲ್ಲ ಓದಿದ ಮೇಲೆ ಹೀಗೆ ಯೋಚಿಸಿದ್ದೇನೆ. ರಿಸಾರ್ಟ್ ರದ್ದು. ಶನಿವಾರ ನಮ್ಮ ಮನೆಯಲ್ಲೇ ಅಮ್ಮನ ಕೈಯ ಪತ್ರೊಡೆ, ಉಪ್ಪುಸೊಳೆ ಪಲ್ಯ, ತಗತೆ ಸೊಪ್ಪಿನ ತಂಬುಳಿ. ಸಂಜೆ ಅಡೂರಿನ ಅಣ್ಣನ ತೋಟದಲ್ಲಿ ಬಿದಿರ ಮೆಳೆ ನೋಡುವುದು. ಭಾನುವಾರ ಪನತ್ತಡಿ, ತಮ್ಮನ ಅಮ್ಮ ಒಪ್ಪಿದರೆ. ಕಾಡು ಗೆಣಸಿಗೆ ಡಿಸೆಂಬರಿನಲ್ಲಿ ಮತ್ತೆ ಬರ್ತೇವೆ. ಅಣಬೆ ಸಿಕ್ಕರೆ ಸಿಕ್ಕಿತು, ಇಲ್ಲಾಂದ್ರೆ ಇಲ್ಲ. ಊಟದ ಬೆಲೆ, ಫೋಟೋ ತೆಗೆಯಬಹುದಾ ಎಂಬುದು, ಎರಡೂ ಅಮ್ಮ ಹೇಳಿದ ಹಾಗೆ.

ಪಯಸ್ವಿನಿ ದಡ

ಒಳ್ಳೆಯ ಯೋಚನೆ. ಡಿಸೆಂಬರಿಗೆ ಬಂದರೆ ಗೆಣಸು ಅಗೆಯುವುದನ್ನು ಕೂತು ನೋಡಿ. ಒಣಗಿದ ಬಳ್ಳಿ ಹಿಡಿದು ಕೆಳಗೆ ಹೋಗಬೇಕು, ಎಳೆದರೆ ಬಳ್ಳಿ ತುಂಡಾಗಿ ಗೆಡ್ಡೆ ಎಲ್ಲಿದೆ ಅಂತ ಗೊತ್ತೇ ಆಗುವುದಿಲ್ಲ. ಆಳು ಎದೆಮಟ್ಟ ಇಳಿಯುವಷ್ಟು ಹೊಂಡ ಆಗುವುದೂ ಇದೆ. ಗೆಡ್ಡೆ ತೆಗೆದ ಮೇಲೆ ಅದರ ತಲೆಯನ್ನು ಬಳ್ಳಿ ಸಮೇತ ಅದೇ ಹೊಂಡದಲ್ಲಿ ಇಟ್ಟು ಮಣ್ಣು ಮುಚ್ಚುತ್ತಾರೆ. ಮುಂದಿನ ವರ್ಷಕ್ಕೆ ಅದೇ ಬೀಜ. ಕೆಂಡದಲ್ಲಿ ಸುಟ್ಟು, ಸಿಪ್ಪೆ ಸುಲಿದು, ಕಾಂತಾರಿ ಚಟ್ನಿ ಜೊತೆ ತಿನ್ನಬೇಕು. ಬೇರೆ ಏನೂ ಬೇಡ.

ಮಲೆಯ ಹುಡುಗ

ಅಣ್ಣಾ, ಅಮ್ಮ ಒಪ್ಪಿದ್ದಾರೆ. ಕಣಿಲೆ ಗಸಿ, ಕೆಂಪಕ್ಕಿ ಅನ್ನ, ಒಂದು ಸೊಪ್ಪು, ಹಲಸಿನ ಬೀಜದ ಚಟ್ನಿ, ಮೀನು ತಿನ್ನುವವರಿಗೆ ಒಣಮೀನು ಸುಟ್ಟದ್ದು. ಬೆಲೆ ಫೋನಿನಲ್ಲಿ ಹೇಳ್ತಾರೆ, ಬುಧವಾರಕ್ಕೆ ಮೊದಲು ಮಾತಾಡಿ. ಪಾಣತ್ತೂರು ಬಸ್ಸಿನಲ್ಲಿ ಬಂದರೂ ಆಗುತ್ತದೆ, ಆದರೆ ಮಳೆ ಜೋರಿದ್ದರೆ ಕೊನೆಯ ದಾರಿಯಲ್ಲಿ ಜೀಪು ಮಾತ್ರ ಬರುತ್ತದೆ. ಎಷ್ಟು ಜನ, ಅದರಲ್ಲಿ ಖಾರ ಕಡಿಮೆ ಬೇಕಾದವರು ಎಷ್ಟು ಅಂತ ಅಮ್ಮ ಕೇಳ್ತಿದ್ದಾರೆ.

ಬೆಂಗಳೂರಿನ ಕಾಸರಗೋಡಿಗ

ನನ್ನನ್ನೂ ಸೇರಿಸಿ ಆರು ಜನ. ಒಬ್ಬರಿಗೆ ಮಾತ್ರ ಖಾರ ಕಡಿಮೆ. ನಾಳೆ ಸಂಜೆ ಫೋನ್ ಮಾಡ್ತೇನೆ ತಮ್ಮಾ.